ಬೀಗತಿಯ ಫೋನಿನಲ್ಲಿ ಮಗಳ ಶುಗರ್

ಮಗಳ ತೋಳಿನ ಹಿಂಬದಿಗೆ ಬಿಳಿ ಬಿಲ್ಲೆಯೊಂದು ಅಂಟಿಕೊಂಡಿರುವುದನ್ನು ಪೀರಮ್ಮ ಮೊದಲ ಸಲ ನೋಡಿದ್ದು ವಾಡಿಯಲ್ಲಿ, ಬೀಗರ ಮನೆಯ ಅಡುಗೆಕೋಣೆಯಲ್ಲಿ. ಲುಂಬಿನಿ ರೊಟ್ಟಿ ಬಡಿಯಲು ಕುಳಿತವಳು ಕುಪ್ಪಸದ ತೋಳು ಮೇಲೆ ಸರಿಸಿಕೊಂಡಿದ್ದಳು. ಪೀರಮ್ಮ ಬಗ್ಗಿ ನೋಡಿದಳು.

“ಇದೇನವ್ವ? ಗಾಯ ಏನರ ಆಗ್ಯಾದೇನು?”

“ಗಾಯ ಅಲ್ಲವ್ವ, ಸೆನ್ಸರ್. ಶುಗರ್ ನೋಡೂದು. ಇನ್ನ ಘಳಿಗಿಗೊಮ್ಮೆ ಬೆರಳು ಚುಚ್ಚಿಕೊಳ್ಳೂದು ಬ್ಯಾಡ. ಎರಡು ವಾರ ಹಿಂಗೇ ಇರ್ತದ, ಆಮ್ಯಾಲ ತಗದು ಹೊಸಾದು ಹಚ್ಚೂದು.”

“ಯಾವಾಗ ಹಚ್ಚಿಸಿದಿ?”

“ಆತು, ಒಂದು ವಾರ ಆತು. ಕಲಬುರಗಿ ಡಾಕ್ಟರ್ ಹೇಳಿದ್ರು, ಇವ್ರು ತಂದ್ರು.”

ಇವ್ರು ಎಂದರೆ ಗಂಡ ಕಪಿಲ, ಚಿತ್ತಾಪುರದ ಬ್ಯಾಂಕಿನಲ್ಲಿ ಕ್ಲರ್ಕು. ಆ ಒಂದು ವಾರದಲ್ಲಿ ತಾಯಿ ಮಗಳು ದಿನವೂ ಫೋನಿನಲ್ಲಿ ಮಾತಾಡಿದ್ದರು. ಸಾರಿಗೆ ಏನು ಹಾಕಿದಿ ಎನ್ನುವುದರಿಂದ ಹಿಡಿದು ಓಣಿಯಲ್ಲಿ ಯಾರ ನಾಯಿ ಯಾರಿಗೆ ಕಚ್ಚಿತು ಎನ್ನುವವರೆಗೆ ಎಲ್ಲ ಮಾತೂ ಆಗಿತ್ತು. ಇದೊಂದು ಮಾತ್ರ ಬಂದಿರಲಿಲ್ಲ.

ಪೀರಮ್ಮ ಮುಂದೆ ಕೇಳುವಷ್ಟರಲ್ಲಿ ಪಡಸಾಲೆಯಲ್ಲಿ ಒಂದು ಫೋನು ಕೂಗಿತು. ಬೀಗತಿ ಅನಸುಬಾಯಿ ಕನ್ನಡಕ ಏರಿಸಿಕೊಳ್ಳುತ್ತ ಒಳಗೆ ಬಂದರು.

“ಲುಂಬಿನಿ, ಎಪ್ಪತ್ತೆರಡಕ್ಕ ಬಂದದ ನೋಡವ್ವ, ಬಾಣ ಕೆಳಗ ತೋರ್ಸಾಕತ್ತದ, ಇನ್ನೂ ಇಳೀತದ. ಏಳು, ಬಾಳಿಹಣ್ಣು ತಿನ್ನು. ರೊಟ್ಟಿ ನಾ ಬಡೀತೀನಿ.”

ಲುಂಬಿನಿ ಎದ್ದಳು. ಅನಸುಬಾಯಿ ಅವಳ ಜಾಗದಲ್ಲಿ ಕುಳಿತರು. ಮಗಳಿಂದ ಒಂದು ಮೊಳ ದೂರದಲ್ಲಿ ಕುಳಿತಿದ್ದ ಪೀರಮ್ಮನಿಗೆ ಏನೂ ತಿಳಿದಿರಲಿಲ್ಲ. ಗೋಡೆಯಾಚೆ ಕುಳಿತಿದ್ದ ಬೀಗತಿಗೆ ತಿಳಿದಿತ್ತು. ಅವತ್ತು ಹೊಟ್ಟೆಯಲ್ಲಿ ಬಿದ್ದ ಕಿಡಿ ಮುಂದೆ ಆರಲಿಲ್ಲ.

ಅವಳ ಸಂಕಟ ಸುಮ್ಮನೆ ಹುಟ್ಟಿದ್ದಲ್ಲ. ಲುಂಬಿನಿಗೆ ಸಕ್ಕರೆ ಕಾಯಿಲೆ ಬಂದದ್ದು ಶಾಲೆಯ ನಾಲ್ಕನೇ ಇಯತ್ತೆಯಲ್ಲಿ. ಮಕ್ಕಳಿಗೆ ಬರುವ ಬಗೆ ಅದು. ಇನ್ಸುಲಿನ್ ಇಲ್ಲದೆ ಬದುಕಿಲ್ಲ. ಮಗುವಿಗೆ ಸೂಜಿ ಚುಚ್ಚುವುದನ್ನು ನೋಡಲಾರದೆ ತಂದೆ ಭಗವಂತ ಅಂಗಳಕ್ಕೆ ಹೋಗಿ ನಿಲ್ಲುತ್ತಿದ್ದ. ಪೀರಮ್ಮ ಚುಚ್ಚಿದಳು. ಮಧ್ಯಾಹ್ನದ ಇಂಜೆಕ್ಷನ್ ಕೊಡಲು ಸೇಡಂನ ಬಿಸಿಲಿನಲ್ಲಿ ಸೆರಗು ತಲೆಗೆ ಹೊದ್ದು ಶಾಲೆಗೆ ನಡೆದಳು. ಮಲಗಿದ ಮಗಳ ಕತ್ತಿನ ಹಿಂದೆ ಕೈಯಿಟ್ಟರೆ ಬೆವರಿದೆಯೋ ಇಲ್ಲವೋ ತಿಳಿಯುತ್ತಿತ್ತು. ಫೋನಿನಲ್ಲಿ ಮಗಳು ‘ಯವ್ವಾ’ ಎಂದ ಧಾಟಿಯಲ್ಲೇ ಶುಗರ್ ಇಳಿದಿದೆ ಎಂದು ಎಷ್ಟೋ ಸಲ ಹೇಳಿದ್ದಳು. ಮಗಳು ಓದಿ, ಶಹಾಬಾದಿನ ಶಾಲೆಯೊಂದರಲ್ಲಿ ಟೀಚರ್ ಆದಳು. ಆ ಪಗಾರದಲ್ಲಿ ಮಗಳು ಕೊಡಿಸಿದ ಮೊದಲ ಸೀರೆ ಉಟ್ಟಾಗ ಪೀರಮ್ಮನಿಗೆ, ಇವಳನ್ನು ನಾನು ಎರಡು ಸಲ ಹೆತ್ತೆ ಅನ್ನಿಸಿತ್ತು.

ಇನ್ನೊಂದು ತೊಡಕೂ ಇತ್ತು. ಹುಡುಗಿಗೆ ಶುಗರ್ ಎಂದು ಕೇಳಿದೊಡನೆ ಬಂದ ವರಗಳೆಲ್ಲ ಚಹಾ ಕುಡಿದು ಎದ್ದು ಹೋಗುತ್ತಿದ್ದಾಗ, ಅನಸುಬಾಯಿ ಮಾತ್ರ ಎದ್ದಿರಲಿಲ್ಲ. “ಕಣ್ಣಿಗಿ ಚಶ್ಮಾ ಹಾಕ್ಕೊಂಡಾಕಿ ನಾನು. ನನ್ನ ಯಾರರ ಬ್ಯಾಡ ಅಂದಾರೇನು?” ಎಂದು ಕೇಳಿ ಲಗ್ನ ನಿಶ್ಚಯಿಸಿದ್ದರು. ಗಂಡ ತೀರಿದ ಮೇಲೆ ವಾಡಿಯ ರೈಲ್ವೆ ಕಚೇರಿಯಲ್ಲಿ ನೌಕರಿ ಮಾಡುತ್ತ ಮಗನನ್ನು ಬೆಳೆಸಿದ ಗಟ್ಟಿ ಹೆಂಗಸು. ಇಂಥ ಉಪಕಾರ ಮಾಡಿದವರ ಮೇಲೆ ಹೊಟ್ಟೆಕಿಚ್ಚು ಪಡುತ್ತೇನೆ ಎಂದು ಯಾರ ಮುಂದೆ ಹೇಳುವುದು? ಓಣಿಯಲ್ಲಿ ಪೀರಮ್ಮ “ನಮ್ಮ ಬೀಗತಿ ಅಂದ್ರ ಬಂಗಾರ” ಎನ್ನುತ್ತಿದ್ದಳು. ಹಾಗೆ ಹೇಳಿ ಮನೆಗೆ ಬಂದು ಪಾತ್ರೆಗಳನ್ನು ಸದ್ದಾಗುವಂತೆ ತೊಳೆಯುತ್ತಿದ್ದಳು.

ದಿನವೂ ಫೋನು ಮಾಡಿ ಮೊದಲು ಕೇಳುವುದು ಒಂದೇ: “ಈಗ ಎಷ್ಟದ?”

“ಚಲೋ ಅದ ಯವ್ವ, ಅತ್ತಿ ನೋಡಾಕತ್ತಾರಲ್ಲ” ಎಂದು ಲುಂಬಿನಿ.

ಮಗಳ ಮಟ್ಟಿಗೆ ಅದು ಸಮಾಧಾನದ ಮಾತು. ಪೀರಮ್ಮನಿಗೆ ಮಾತ್ರ ಕಿವಿಯಲ್ಲಿ ಕಾದ ಎಣ್ಣೆ ಬಿಟ್ಟಂತೆ.

“ನನ್ನ ಫೋನಿನಿಂದ ಇವ್ರ ಫೋನಿಗಿ, ಅತ್ತಿ ಫೋನಿಗಿ ಎರಡಕ್ಕೂ ಹೋಗ್ತದ. ನಿನ್ನ ಫೋನ್ ಗುಂಡಿದು, ಅದರಾಗ ಬರಂಗಿಲ್ಲ” ಎಂದೂ ಒಂದು ದಿನ ಮಗಳು ಹೇಳಿದಳು. ಮನೆಯಲ್ಲಿದ್ದ ಒಂದೇ ಸ್ಮಾರ್ಟ್ ಫೋನು ಭಗವಂತನ ಜೊತೆ ಮಳಖೇಡದ ಸಿಮೆಂಟ್ ಕಾರ್ಖಾನೆಗೆ ಹೋಗಿ ಬರುತ್ತಿತ್ತು.

“ಹೊತ್ತಿಗಿ ಸರಿ ನೋಡಾಕತ್ತಾರಂತ ಖುಷಿ ಪಡೂದು ಬಿಟ್ಟು ಮಾರಿ ಯಾಕ ಊದಿಸಿಕೊಂಡಿ?” ಎಂದು ಒಂದು ಸಂಜೆ ಭಗವಂತ ಕೇಳಿದ.

“ನಾ ಎಲ್ಲಿ ಊದಿಸಿಕೊಂಡೀನಿ?”

“ನಿನಗ ಹೊಟ್ಟಿಕಿಚ್ಚು.”

“ಹೌದು, ನನಗ ಹೊಟ್ಟಿಕಿಚ್ಚು! ಅಂಗಳದಾಗ ನಿಂತಾಂವಗ ಏನ್ ಗೊತ್ತಾಯ್ತದ?” ಎಂದಳು ಪೀರಮ್ಮ. ಭಗವಂತ ಎದ್ದು ಅಂಗಳಕ್ಕೆ ಹೋದ.

ಹೀಗಿರುವಾಗ ಚಿಂಚೋಳಿಯಲ್ಲಿ ಪೀರಮ್ಮನ ಅಣ್ಣ ದೇವೀಂದ್ರಪ್ಪನ ಮಗಳು ಮೈತ್ರಿಯ ಲಗ್ನ ಗೊತ್ತಾಯಿತು. ಅನಸುಬಾಯಿಗೆ ಕಚೇರಿಯಲ್ಲಿ ರಜೆ ಸಿಗಲಿಲ್ಲ, ಕಪಿಲನ ಬ್ಯಾಂಕಿನಲ್ಲಿ ಆಡಿಟ್. ಲುಂಬಿನಿ ಒಬ್ಬಳೇ ಎರಡು ದಿನ ಮೊದಲು ಸೇಡಂಗೆ ಬಂದಳು. ಆ ಎರಡು ದಿನ ಮಗಳು ಪೂರಾ ತನ್ನವಳು ಎಂದು ಪೀರಮ್ಮನಿಗೆ ಹಿಗ್ಗೋ ಹಿಗ್ಗು. ತಲೆಗೆ ಎಣ್ಣೆ ಹಚ್ಚಿದಳು. ಶೇಂಗಾ ಹೋಳಿಗೆ ಮಾಡಿದಳು. “ಒಂದು ತಿನ್ನವ್ವ, ಇಂಜೆಕ್ಷನ್ ನಾ ಸರಿ ಮಾಡಿ ಕೊಡ್ತೀನಿ” ಎಂದು ಒಂದರ ಮೇಲೆ ಇನ್ನೊಂದು ಬಡಿಸಿದಳು.

ಕೈ ತೊಳೆದು ಕುಳಿತು ಒಂದು ಘಳಿಗೆಯೂ ಆಗಿರಲಿಲ್ಲ. ವಾಡಿಯಿಂದ ಫೋನು.

“ಲುಂಬಿನಿ, ಏನ್ ತಿಂದಿ ನೀ? ಎರಡು ನೂರಾ ನಲವತ್ತು ದಾಟ್ಯಾದಲ್ಲ!”

ಲುಂಬಿನಿ ನಗುತ್ತ, “ಅವ್ವ ಹೋಳಿಗಿ ಮಾಡಿದ್ಳು ಅತ್ತಿ” ಎಂದಳು. ಆಚೆಯಿಂದಲೂ ನಗು ಕೇಳಿತು. ಪೀರಮ್ಮ ಮಾತ್ರ ನಗಲಿಲ್ಲ. ತನ್ನ ಒಲೆ, ತನ್ನ ಹೆಂಚು, ತನ್ನ ಮಗಳ ತಾಟು; ಅದರೊಳಗೆ ವಾಡಿಯಲ್ಲಿ ಕುಳಿತವರು ಇಣುಕಿ ನೋಡಿ ಲೆಕ್ಕ ಕೇಳುತ್ತಿದ್ದಾರೆ. ‘ಬಿಲ್ಲೆ ಅಲ್ಲ ಇದು, ಬೀಗತಿಯ ಕಣ್ಣು’ ಎಂದು ಅವಳಿಗೆ ಅನ್ನಿಸಿತು.

ಮರುದಿನ ಬೆಳಿಗ್ಗೆ ಮೂವರೂ ಚಿಂಚೋಳಿ ಬಸ್ಸು ಹತ್ತಿದರು. ಸಮುದಾಯ ಭವನದಲ್ಲಿ ಬುದ್ಧ ವಂದನೆ ಮುಗಿದು, ಬಿಳಿ ಸೀರೆಯ ಮೈತ್ರಿಯೂ ವರನೂ ಹಾರ ಬದಲಾಯಿಸಿದರು. ಜನ ಚಪ್ಪಾಳೆ ತಟ್ಟಿ ಎದ್ದದ್ದೇ ತಡ, ಊಟದ ಕಡೆಗೆ ನುಗ್ಗಿದರು. ಹುಗ್ಗಿಯ ವಾಸನೆ ಬರುತ್ತಿತ್ತು. ಭಗವಂತ ಹೊರಗೆ ಗಂಡಸರ ಜೊತೆ ಮಾತಿಗೆ ನಿಂತ; ಪೀರಮ್ಮ ಮಗಳ ಕೈ ಹಿಡಿದು ಪಂಕ್ತಿಯ ಕೊನೆಗೆ ಎರಡು ಜಾಗ ಹಿಡಿದಳು.

“ಇಂಜೆಕ್ಷನ್ ತಗೊಂಬಿಡು, ಊಟ ಬಂತು.”

“ತಾಟು ಮುಂದ ಬರ್ಲಿ ಯವ್ವ. ಈಗ ನೂರಾ ಹತ್ತದ. ತಗೊಂಡು ಕುಂತ್ರ ಇಳೀತದ.”

“ಆ ಮಷೀನ್ ಬರೂದಕ್ಕಿಂತ ಮೊದಲ ನಿನಗ ಇಂಜೆಕ್ಷನ್ ಯಾರು ಕೊಟ್ಟಾರ? ನಾ ಹೇಳಿದ್ದು ಈಗ ನಿನಗ ನಾಟಂಗಿಲ್ಲ ಅಲ್ಲ?”

ಲುಂಬಿನಿ ತಾಯಿಯ ಮುಖ ನೋಡಿದಳು. ಲಗ್ನದ ಮನೆಯಲ್ಲಿ ರಗಳೆ ಬೇಡವೆಂದು, ಸೀರೆಯ ಅಂಚು ಸರಿಸಿ ಹೊಟ್ಟೆಗೆ ಇಂಜೆಕ್ಷನ್ ಚುಚ್ಚಿಕೊಂಡಳು. ಅಷ್ಟರಲ್ಲಿ ವರನ ಕಡೆಯ ಹಿರಿಯರು ಬಂದರು. ದೇವೀಂದ್ರಪ್ಪ ಓಡಿಬಂದು, “ಬೀಗ್ರು ಮೊದಲ ಕೂಡ್ಲಿ. ಲುಂಬಿನಿ, ನೀ ಒಂಚೂರು ಮೈತ್ರಿ ಹಂತ್ಯಾಕ ಹೋಗವ್ವ, ಆಕಿ ಸೀರಿ ಬದಲಿ ಮಾಡಬೇಕಂತ” ಎಂದ. ಲುಂಬಿನಿ ಎದ್ದು ಹೋದಳು. ಪೀರಮ್ಮನೂ ಎದ್ದಳು, ಆದರೆ ಯಾರೋ ಹಳೆಯ ಗೆಳತಿ ಕೈ ಹಿಡಿದಳು, ಮಾತು ಬೆಳೆಯಿತು. ಮಗಳು ಇಂಜೆಕ್ಷನ್ ತೆಗೆದುಕೊಂಡು ಉಣ್ಣದೆ ಹೋಗಿದ್ದಾಳೆ ಎನ್ನುವುದು ಗದ್ದಲದಲ್ಲಿ ಅವಳ ತಲೆಯಿಂದ ಜಾರಿಹೋಯಿತು.

ಎರಡನೇ ಪಂಕ್ತಿ ಇನ್ನೂ ಕೂತಿರಲಿಲ್ಲ, ಅವಳ ಗುಂಡಿ ಫೋನು ಹೊಡೆದುಕೊಂಡಿತು. ಅನಸುಬಾಯಿ.

“ಅಕ್ಕಾ, ಲುಂಬಿನಿ ಫೋನ್ ಎತ್ತವಲ್ಲಳು. ಅರವತ್ತೈದು ತೋರ್ಸಾಕತ್ತದ, ಜಲ್ದಿ ಇಳ್ಯಾಕತ್ತದ. ನಿಮ್ಮ ಬಗಲಾಗ ಅದಾಳೇನು?”

ಬಗಲಲ್ಲಿ ಮಗಳಿರಲಿಲ್ಲ. ಎಲ್ಲಿದ್ದಾಳೆ ಎಂಬುದೂ ಪೀರಮ್ಮನಿಗೆ ಸರಿಯಾಗಿ ಗೊತ್ತಿರಲಿಲ್ಲ. ‘ಇಲ್ರಿ, ನೋಡ್ತೀನಿ’ ಎಂದಿದ್ದರೆ ಮುಗಿದಿತ್ತು. ಆದರೆ ಅಷ್ಟು ದೂರದಿಂದ, ತನ್ನ ತವರಿನ ಲಗ್ನದೊಳಗೆ ಬಂದು, ನಿನ್ನ ಮಗಳಿಗೆ ಏನಾಗಿದೆ ನಿನಗೆ ಗೊತ್ತೇ ಎಂದು ಕೇಳುತ್ತಿರುವ ಆ ದನಿ ಅವಳನ್ನು ಸುಟ್ಟಿತು. ನಾಲಿಗೆ ತಾನಾಗಿ ಹೊರಳಿತು.

“ನಾ ಇಲ್ಲೇ ಅದೀನಲ್ರಿ. ನನಗ ಗೊತ್ತಾಗಿ ಆಗ್ಲೇ ಸಕ್ರಿ ಕೊಟ್ಟೀನಿ. ನೀವು ಫಿಕರ್ ಮಾಡಬ್ಯಾಡ್ರಿ.”

“ಹೌದಾ? ಹಂಗಾರ ಬರೋಬರಿ ಆತು. ನಾ ಗಾಬರಿಯಾಗಿದ್ದೆ” ಎಂದು ಅನಸುಬಾಯಿ ಫೋನು ಇಟ್ಟರು.

ಫೋನು ಇಟ್ಟದ್ದೇ ಪೀರಮ್ಮನಿಗೆ ಇಂಜೆಕ್ಷನ್ ನೆನಪಾಯಿತು. ಊಟದ ಸಾಲಿನಲ್ಲಿ ನೋಡಿದಳು, ಇಲ್ಲ. ಮದುಮಗಳ ಕೋಣೆಗೆ ಓಡಿದಳು. ಮೈತ್ರಿ ಹೊಸ ಸೀರೆಯುಟ್ಟು ಫೋಟೋ ತೆಗೆಸಿಕೊಳ್ಳಲು ಹೋಗಿಯಾಗಿತ್ತು. ಕಿಟಕಿಯ ಸರಳಿಗೆ ಲುಂಬಿನಿಯ ಪರ್ಸು ನೇತಾಡುತ್ತಿತ್ತು. ಒಳಗೆ ಫೋನು ಕೂಗುತ್ತಿತ್ತು, ಹೊರಗಿನ ಬ್ಯಾಂಡಿನ ಅಬ್ಬರದಲ್ಲಿ ಅದನ್ನು ಕೇಳುವವರಿರಲಿಲ್ಲ. “ಲುಂಬಿನಿ! ಲುಂಬಿನಿ!” ಎಂದು ಕೂಗುತ್ತ ಅಡುಗೆಯವರ ಕಡೆ ಹೋದಳು, ನಲ್ಲಿಯ ಕಡೆ ಹೋದಳು. ಕೈಯಲ್ಲಿದ್ದ ಫೋನು ಮತ್ತೆ ಹೊಡೆದುಕೊಂಡಿತು. ಅನಸುಬಾಯಿ. ಎತ್ತುವ ಧೈರ್ಯವಾಗದೆ ಗುಂಡಿ ಒತ್ತಿ ಕತ್ತರಿಸಿದಳು.

ಸಿಕ್ಕಿದ್ದು ಆ ಕೋಣೆಯ ಹಿಂದೆಯೇ, ಮಾಳಿಗೆಗೆ ಹೋಗುವ ಮೆಟ್ಟಿಲಿನ ಕೆಳಗೆ. ಸುತ್ತಿಟ್ಟ ಜಮಖಾನೆಗಳ ಮೇಲೆ ಲುಂಬಿನಿ ಕುಳಿತಿದ್ದಳು. ಹಣೆ, ಕತ್ತು, ಕುಪ್ಪಸ ಎಲ್ಲ ಬೆವರು. ಕಣ್ಣು ತೆರೆದಿದ್ದವು, ನೋಟ ಮಾತ್ರ ಎಲ್ಲೋ.

“ಏನವ್ವ, ಏನಾತು?”

“ಏನಿಲ್ಲ. ಹೋಗು ನೀ. ನನ್ನ ಮುಟ್ಟಬ್ಯಾಡ” ಎಂದು ಲುಂಬಿನಿ ತೊದಲುತ್ತ ತಾಯಿಯ ಕೈ ತಳ್ಳಿದಳು.

ಪೀರಮ್ಮನ ಕೈ ಸೆರಗಿನ ಗಂಟಿಗೆ ಹೋಯಿತು. ಮೊದಲೆಲ್ಲ ಅಲ್ಲಿ ಯಾವಾಗಲೂ ಒಂದು ತುಂಡು ಬೆಲ್ಲ ಇರುತ್ತಿತ್ತು. ಮಷೀನು ಬಂದ ಮೇಲೆ, ಇನ್ನು ನನ್ನ ಬೆಲ್ಲ ಯಾಕೆ ಎಂದು ಸಿಟ್ಟಿನಿಂದ ಕಟ್ಟುವುದನ್ನೇ ಬಿಟ್ಟಿದ್ದಳು. ಅಡುಗೆಯವರ ಬಳಿಗೆ ಓಡಿ ಸಕ್ಕರೆಯ ಡಬ್ಬಿಯನ್ನೇ ಎತ್ತಿಕೊಂಡು ಬಂದಳು. ಲೋಟದ ನೀರಿನಲ್ಲಿ ಮುಷ್ಟಿ ಸಕ್ಕರೆ ಕಲಸಿ, ಮಗಳ ತಲೆಯನ್ನು ಕಂಕುಳಲ್ಲಿ ಅದುಮಿ ಹಿಡಿದು ಗುಟುಕು ಗುಟುಕಾಗಿ ಕುಡಿಸಿದಳು. ಅರ್ಧ ಸೀರೆಯ ಮೇಲೆ ಚೆಲ್ಲಿತು. ಇನ್ನೊಂದು ಲೋಟ ಕಲಸಿದಳು. ನುಂಗುತ್ತಿದ್ದಾಳೆ, ನುಂಗುತ್ತಿದ್ದಾಳೆ ಎಂದು ಗಂಟಲನ್ನೇ ನೋಡುತ್ತ ಕುಳಿತಳು.

ಸ್ವಲ್ಪ ಹೊತ್ತಿಗೆ ಲುಂಬಿನಿಯ ಕಣ್ಣು ತಾಯಿಯ ಮುಖಕ್ಕೆ ಬಂದು ನಿಂತವು. “ಭಾಳ ಹಸಿವಾಗ್ಯಾದ ಯವ್ವ” ಎಂದಳು. ಪೀರಮ್ಮ ಅವಳನ್ನು ಅಪ್ಪಿಕೊಂಡು ಅತ್ತಳು.

ಊಟವಾದ ಮೇಲೆ ಲುಂಬಿನಿ ಅತ್ತೆಗೆ ಫೋನು ಮಾಡಿ ಬಂದಳು. ಹುಬ್ಬು ಗಂಟಿಕ್ಕಿತ್ತು.

“ನೀ ಮೊದಲೇ ಸಕ್ರಿ ಕೊಟ್ಟಿದ್ದಿ ಅಂತ ಅತ್ತಿ ಅಂದ್ರು. ಯಾವಾಗ ಕೊಟ್ಟಿದ್ದಿ?”

ಖರೆ ಹೇಳಲು ಇನ್ನೂ ಹೊತ್ತು ಮೀರಿರಲಿಲ್ಲ.

“ಕೊಟ್ಟಿದ್ದೆನವ್ವ, ಒಂದು ಚಮಚ. ನಿನಗ ನೆನಪಿಲ್ಲ.”

ಲುಂಬಿನಿ ಬಸ್ಸಿನಲ್ಲಿ ಸೇಡಂವರೆಗೂ ಕಿಟಕಿಯ ಹೊರಗೆ ತೊಗರಿಯ ಹೊಲಗಳನ್ನು ನೋಡುತ್ತ, ನಡುನಡುವೆ ಏನನ್ನೋ ನೆನಪಿಸಿಕೊಳ್ಳಲು ಹೆಣಗುವವಳಂತೆ ಹಣೆ ಒತ್ತಿಕೊಳ್ಳುತ್ತಿದ್ದಳು. ಪಕ್ಕದಲ್ಲಿ ಕುಳಿತ ಪೀರಮ್ಮನಿಗೆ ಆ ಹಣೆಯ ಕಡೆ ನೋಡಲಾಗಲಿಲ್ಲ.

ಮಗಳನ್ನು ಒಬ್ಬಳೇ ಕಳಿಸುವ ಮನಸ್ಸಾಗದೆ, ಮರುದಿನ ತಾನೇ ರೈಲಿನಲ್ಲಿ ವಾಡಿಗೆ ಕರೆದುಕೊಂಡು ಹೋದಳು. ಅನಸುಬಾಯಿ ಬಾಗಿಲಿಗೆ ಬಂದು ಸೊಸೆಯ ಕೆನ್ನೆ ಹಿಡಿದು ನೋಡಿದರು. “ಬರ್ರಿ, ಕುಂದ್ರಿ” ಎಂದು ಬೀಗತಿಗೆ ಚಹಾ ಕೊಟ್ಟರು. ಲಗ್ನದ ಮಾತು ಕೇಳಿದರು. ಲುಂಬಿನಿ ಸ್ನಾನಕ್ಕೆ ಹೋದ ಮೇಲೆ ಕುರ್ಚಿಯನ್ನು ಹತ್ತಿರ ಎಳೆದುಕೊಂಡರು.

“ಅಕ್ಕಾ, ಒಂದು ಮಾತು ಕೇಳ್ತೀನಿ. ನೀವು ಸಕ್ರಿ ಕೊಟ್ಟೀನಿ ಅಂದಾಗ ಅರವತ್ತೈದಿತ್ತು. ಆಮ್ಯಾಲ ಇಳಕೋತ ಇಳಕೋತ ನಲವತ್ತೆಂಟಕ್ಕ ಹೋತು. ಸಕ್ರಿ ತಿಂದಾಕಿದು ಹಂಗ ಇಳೀತದೇನು?”

ಪೀರಮ್ಮ ಚಹಾದ ಕಪ್ಪು ಬಸಿಯನ್ನು ನೆಲಕ್ಕಿಟ್ಟಳು.

“ನಿಮ್ಮ ಮಾತು ನಂಬಿ ನಾ ಫೋನ್ ಮೇಜಿನ ಮ್ಯಾಲ ಬಿಟ್ಟು ಸಾಹೇಬರ ಕೋಣಿಗಿ ಹೋದೆ. ತಾಯಿ ಬಗಲಾಗ ಅದಾಳ, ಇನ್ಯಾಕ ಫಿಕರ್ ಅಂದೆ. ಹೊರಗ ಬಂದು ನೋಡ್ತೀನಿ, ನಲವತ್ತೆಂಟು. ಫೋನ್ ಹಚ್ಚಿದ್ರ ನೀವು ಕತ್ತರಿಸಾಕತ್ತೀರಿ. ಆ ಹೊತ್ತು ನನಗ ಏನಾಗಿರಬೇಕು? ನಂಬಲಿಲ್ಲಂದ್ರ ನಾ ಆಗಲೇ ನಿಮ್ಮ ಮನಿಯವ್ರಿಗಿ ಹಚ್ಚತಿದ್ದೆ, ನಿಮ್ಮಣ್ಣಗ ಹಚ್ಚತಿದ್ದೆ, ಬ್ಯಾರೆ ಯಾರಿಗರ ಹಚ್ಚತಿದ್ದೆ. ಯಾಕ ಹಂಗ ಅಂದ್ರಿ?”

ದನಿ ಏರಿರಲಿಲ್ಲ. ಅದು ಪೀರಮ್ಮನಿಗೆ ಇನ್ನೂ ಕಷ್ಟವಾಯಿತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

“ನನ್ನ ಮಗಳ ಶುಗರ್ ನೀವು ನನಗ ಹೇಳೂದು ನನಗ ಸಹಿಸಂಗಿಲ್ರಿ” ಎಂದಳು ಕೊನೆಗೆ. “ನಿಮ್ಮ ಫೋನ್ ಕೂಗಿದ್ರ ನನ್ನ ಹೊಟ್ಟ್ಯಾಗ ಬೆಂಕಿ ಬೀಳ್ತದ. ಇಷ್ಟು ವರ್ಷ ನಾ ಕೈಯಿಟ್ಟು ನೋಡಿದ್ದು ಎಲ್ಲ ಸುಳ್ಳಾತು ಅನ್ನಿಸ್ತದ. ನಿನ್ನಿ ಆಕಿ ಎಲ್ಲಿ ಅದಾಳಂತ ನನಗ ಗೊತ್ತಿರಲಿಲ್ಲ. ನಾ ಒಂದು ಹರಳೂ ಸಕ್ರಿ ಕೊಟ್ಟಿರಲಿಲ್ಲ. ಉಣ್ಣೂದಕ್ಕಿಂತ ಮೊದಲ ಇಂಜೆಕ್ಷನ್ ತಗೋ ಅಂತ ಹಟಾ ಮಾಡಿದಾಕಿನೂ ನಾನೇ.”

ಅನಸುಬಾಯಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು.

“ಹೊಟ್ಟಿಕಿಚ್ಚು ಪಡ್ರಿ, ನಾ ಬ್ಯಾಡ ಅನ್ನಂಗಿಲ್ಲ” ಎಂದರು. “ಅದು ನನಗ ಕಡಿಮಿ ಅದಂತ ತಿಳ್ಕೋಬ್ಯಾಡ್ರಿ. ಸುಳ್ಳು ಮಾತ್ರ ಹೇಳಬ್ಯಾಡ್ರಿ. ಸುಳ್ಳಿಗಿ ಆಕಿ ಜೀವ ಹೋಯ್ತದ.”

ಬಾಗಿಲಲ್ಲಿ ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡು ಲುಂಬಿನಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ಕೇಳುತ್ತಿದ್ದಳೋ.

“ನಿನಗ ನೆನಪಿಲ್ಲಂತ ಅಂದ್ಯಲ್ಲ ಯವ್ವ” ಎಂದಳು. “ನಿನ್ನಿಯಿಂದ ನೆನಪು ಮಾಡ್ಕೊಳಾಕತ್ತೀನಿ ನಾನು. ನನ್ನ ತಲಿ ಮ್ಯಾಲ ನನಗೇ ಸಂಶಯ ಬಂದಿತ್ತು. ಶಾಲ್ಯಾಗ ಮಕ್ಕಳ ಮುಂದ ಹಿಂಗೇ ಮರತು ನಿಂತ್ರ ಏನು ಗತಿ ಅಂತ ಅಂಜಿದ್ದೆ.”

ಪೀರಮ್ಮ ಎದ್ದು ಮಗಳ ಹತ್ತಿರ ಹೋಗಲು ನೋಡಿದಳು. ಲುಂಬಿನಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಸಂಜೆಯ ರೈಲಿಗೆ ಪೀರಮ್ಮನನ್ನು ಬಿಡಲು ಬಂದದ್ದು ಕಪಿಲ ಒಬ್ಬನೇ.

ಆಮೇಲಿನ ದಿನಗಳು ಕೆಟ್ಟವು. ಲುಂಬಿನಿ ಫೋನು ಎತ್ತುತ್ತಿದ್ದಳು, “ಚಲೋ ಅದೀನಿ” ಎನ್ನುತ್ತಿದ್ದಳು, ಇಡುತ್ತಿದ್ದಳು. ಭಗವಂತ ತನ್ನ ಸ್ಮಾರ್ಟ್ ಫೋನನ್ನು ಹೆಂಡತಿಯ ಮುಂದಿಟ್ಟು, “ಇದು ನೀ ಇಟ್ಕೋ, ಇದರಾಗ ಹಾಕಿಸ್ಕೋ, ನಿನಗೂ ಕಾಣ್ತದ” ಎಂದ. ಪೀರಮ್ಮ ಒಂದು ದಿನ ಯೋಚಿಸಿದಳು. ಅಂಕಿ ಕೈಯಲ್ಲಿದ್ದರೆ ಅನಸುಬಾಯಿಗಿಂತ ಮೊದಲು ತಾನು ನೋಡಬೇಕೆಂದು ಒಲೆಯ ಮುಂದೆಯೂ ಅದನ್ನೇ ಹಿಡಿದು ಕೂರುತ್ತೇನೆ ಎಂದು ಅವಳಿಗೆ ಗೊತ್ತಿತ್ತು. ಬೇಡವೆಂದು ಹಿಂದಿರುಗಿಸಿದಳು. ಬದಲಿಗೆ ಅನಸುಬಾಯಿಗೆ ಫೋನು ಮಾಡಿದಳು. “ಇಳದಾಗ ನನಗೂ ಒಂದು ಮಾತು ಹೇಳ್ರಿ. ನಾ ಏನೂ ಅನ್ನಂಗಿಲ್ಲ” ಎಂದಳು. ಆ ಮಾತು ಬಾಯಿಂದ ಹೊರಡಲು ಹಲ್ಲು ಕಿತ್ತಷ್ಟು ಕಷ್ಟವಾಯಿತು.

ಅನಸುಬಾಯಿ ಹೇಳತೊಡಗಿದರು. ಪ್ರತಿ ಸಲವೂ ಪೀರಮ್ಮನಿಗೆ ಆ ಹಳೆಯ ಕಿಚ್ಚು ಹೊತ್ತಿಕೊಳ್ಳುತ್ತಿತ್ತು. ಪ್ರತಿ ಸಲವೂ “ಚಲೋ ಮಾಡಿದ್ರಿ, ಹೇಳಿದ್ರಿ” ಎನ್ನುತ್ತಿದ್ದಳು.

ಒಂದು ಶನಿವಾರ ಅನಸುಬಾಯಿಯೇ ಕರೆದರು. “ನಾಳಿ ಹೊಸ ಸೆನ್ಸರ್ ಹಚ್ಚೂದದ. ಮಗ ಊರಾಗಿಲ್ಲ, ನನ್ನ ಕೈ ನಡುಗತಾವ. ಆಕಿಗಿ ತನ್ನ ತೋಳಿನ ಹಿಂದ ತನಗ ನಿಲುಕಂಗಿಲ್ಲ. ನೀವು ಬರ್ರಿ.”

ಕೈ ನಡುಗುವುದು ಖರೆಯೋ, ಕರೆಯಲು ಹೂಡಿದ ನೆವವೋ ಪೀರಮ್ಮನಿಗೆ ತಿಳಿಯಲಿಲ್ಲ. ಬೆಳಗಿನ ರೈಲಿಗೇ ಹೋದಳು. ಲುಂಬಿನಿ ಮಾತಿಲ್ಲದೆ ಶಹಾಬಾದಿ ಕಲ್ಲಿನ ಕಟ್ಟೆಯ ಮೇಲೆ ಬೆನ್ನು ಮಾಡಿ ಕುಳಿತು ತೋಳು ಕೊಟ್ಟಳು. ಪೀರಮ್ಮ ಹಳೆಯದನ್ನು ಮೆಲ್ಲಗೆ ಬಿಡಿಸಿದಳು. ಇನ್ನೊಂದು ತೋಳಿನ ಚರ್ಮ ಒರೆಸಿ, ಒಣಗಲು ಬಿಟ್ಟು, ಬಿಲ್ಲೆಯಿದ್ದ ಡಬ್ಬಿಯನ್ನು ಒತ್ತಿ ಹಿಡಿದಳು. ಟಕ್ ಎಂದಿತು.

“ನೋಯ್ತೇನು?”

“ಇಲ್ಲ” ಎಂದಳು ಲುಂಬಿನಿ. ಆಮೇಲೆ “ನಿನ್ನ ಕೈಲಿಂದ ಯಾವತ್ತೂ ನೋಯಂಗಿಲ್ಲ ಯವ್ವ. ನಿನ್ನ ಮಾತೇ ನೋಯೂದು” ಎಂದಳು.

ಪೀರಮ್ಮ ಆ ತೋಳನ್ನು ಬಿಡದೆ ಹಿಡಿದುಕೊಂಡೇ ಇದ್ದಳು.

ಅನಸುಬಾಯಿ ಫೋನಿನಲ್ಲಿ ಏನೇನೋ ಒತ್ತಿದರು. “ಇನ್ನ ಒಂದು ತಾಸು ಏನೂ ತೋರಸಂಗಿಲ್ಲ. ಹೊಸಾದು ಚಾಲೂ ಆಗಾಕ ಅಷ್ಟು ಹೊತ್ತು ಬೇಕಂತ” ಎಂದು ಫೋನನ್ನು ಮಗ್ಗುಲಿಗಿಟ್ಟು, ತೊಗರಿಬೇಳೆಯ ಮೊರ ಎಳೆದುಕೊಂಡರು. ಪೀರಮ್ಮ ಎದುರಿಗೆ ಕುಳಿತು ಕಲ್ಲು ಆರಿಸತೊಡಗಿದಳು. ಲುಂಬಿನಿ ಇಬ್ಬರ ನಡುವೆ ಮಕ್ಕಳ ಉತ್ತರ ಪತ್ರಿಕೆ ಹರಡಿಕೊಂಡು ಕೆಂಪು ಪೆನ್ನು ತೆಗೆದಳು. ಯಾರ ಫೋನಿನಲ್ಲೂ ಅಂಕಿ ಇರಲಿಲ್ಲ. ಇಬ್ಬರು ಹೆಂಗಸರೂ ಆಗಾಗ ಕಲ್ಲು ಆರಿಸುವುದು ಬಿಟ್ಟು ಹುಡುಗಿಯ ಮುಖ ನೋಡುತ್ತಿದ್ದರು, ಒಬ್ಬರು ನೋಡಿದ್ದನ್ನು ಇನ್ನೊಬ್ಬರು ನೋಡಿ ಕಣ್ಣು ಕೆಳಗಿಳಿಸುತ್ತಿದ್ದರು. ಆ ತಾಸು ಇನ್ನಷ್ಟು ಉದ್ದವಾಗಲಿ ಎಂದು ಪೀರಮ್ಮನಿಗೆ ಅನ್ನಿಸಿತು.